ನಕ್ಷೆಯ ಮೇಲೆ ಕುಳಿತದ್ದು

ಮಕ್ಕಳೇ, ನಿಮ್ಮ ಅಜ್ಜಿಯೂ ಈಗ ಸಮುದಾಯದ ಮುಖಂಡೆ ಎಂದರೆ ನಗಬೇಡಿ. ಮೊದಲು ನಕ್ಕವಳು ನಾನೇ. ಹಾವೇರಿಯಿಂದ ಗುತ್ತಲದ ಬಸ್ಸಿನಲ್ಲಿ ಬರುವಾಗ, ನಮ್ಮೂರ ಕ್ರಾಸಿನಲ್ಲಿ "ನಿಲ್ಲಿಸ್ರಿ" ಎಂದು ಕಂಡಕ್ಟರನಿಗೆ ಕೂಗಲು ನಾಚಿಕೆಯಾಗಿ, ಗುತ್ತಲದವರೆಗೂ ಹೋಗಿ ಅಲ್ಲಿಂದ ಹಿಂದಕ್ಕೆ ನಡೆದು ಬಂದವಳು ನಾನು. ನಿಮ್ಮ ಅಜ್ಜ ಇದ್ದಾಗ ಇಬ್ಬರ ಪಾಲಿನ ಮಾತನ್ನೂ ಅವರೇ ಆಡುತ್ತಿದ್ದರು. ಅವರು ಹೋದ ಮೇಲೆ ನನ್ನ ಪಾಲಾದರೂ ನನಗೆ ವಾಪಸು ಬರಬೇಕಿತ್ತು. ಬರಲಿಲ್ಲ.

ಅಂಥವಳ ಹೆಸರನ್ನು ಪಕ್ಕದ ಮನೆಯ ಗಂಗವ್ವ ಸಮುದಾಯದ ಮುಖಂಡರ ತರಬೇತಿಗೆ ಕೊಟ್ಟು ಬಂದಳು. ಅವಳು ನಮ್ಮ ಮಹಿಳಾ ಸಂಘದ ಅಧ್ಯಕ್ಷೆ. ನಮ್ಮೂರ ಹೊಳೆದಂಡೆಯ ಹಳೆಯ ಕಲ್ಲುಗುಡಿ ನೋಡಲು ಈಗೀಗ ಕಾರಿನಲ್ಲಿ ಜನ ಬರುತ್ತಾರಲ್ಲ, ಅದಕ್ಕೆ ನಮ್ಮ ಊರಿನವರೇ ಯೋಜನೆ ಮಾಡಬೇಕಂತೆ. ಹಾಗೆ ಮಾಡುವುದನ್ನು ಹಾವೇರಿಯಲ್ಲಿ ಕಲಿಸುತ್ತಾರಂತೆ. ಸುಸ್ಥಿರ ಪ್ರವಾಸೋದ್ಯಮ ಎಂದು ಅದಕ್ಕೆ ಹೆಸರು.

"ನಾ ಯಾಕ ಬೇ ಗಂಗವ್ವಾ? ಅಲ್ಲಿ ಮಾತಾಡಬೇಕಾಗತೈತಿ."

"ನೀ ಮಾತಾಡಬ್ಯಾಡ. ಊಟ ಭಾಳ ಚಲೋ ಇರತೈತಂತ. ಉಂಡು ಬರೂಣು ಬಾ."

ಊಟ ಖರೇನೇ ಚಲೋ ಇತ್ತು. ತರಬೇತಿ ಕೊಡಲು ಬೆಂಗಳೂರಿನಿಂದ ಬಂದಿದ್ದ ಮೇಡಂ ಕೂಡ ಒಳ್ಳೆಯವರು. "ನೋಡೋಕೆ ಬಂದವರು ನೋಡ್ಕೊಂಡು ಹೋದ ಮೇಲೂ ನಿಮ್ಮೂರು ನಿಮ್ಮೂರಾಗೇ ಇರಬೇಕು, ಸುಸ್ಥಿರ ಅಂದ್ರೆ ಅಷ್ಟೇ" ಎಂದರು. ಇದು ನನಗೆ ಹಿಡಿಸಿತು. ಇಷ್ಟು ದೊಡ್ಡ ಶಬ್ದದ ಒಳಗೆ ಇಷ್ಟು ಸಣ್ಣ ಮಾತಿತ್ತೇ ಎಂದುಕೊಂಡೆ. ನಮ್ಮ ಮನೆಗೆ ಬೀಗರು ಬಂದರೆ ಕಾಲಿಗೆ ನೀರು ಕೊಡುತ್ತೇವೆ, ಜಮಖಾನೆ ಹಾಸುತ್ತೇವೆ, ಇಲ್ಲದ ತುಪ್ಪವನ್ನು ಕಡ ತಂದು ಬಡಿಸುತ್ತೇವೆ. ಆದರೆ ಬೀಗರ ಎತ್ತು ಕಟ್ಟಲು ಜಾಗವಿಲ್ಲವೆಂದು ಅಡಿಗೆಮನೆಯ ಒಲೆ ಕಿತ್ತವರನ್ನು ನಾನು ಈ ವಯಸ್ಸಿನವರೆಗೂ ಕಂಡಿಲ್ಲ.

ಮಧ್ಯಾಹ್ನ ಊಟವಾದ ಮೇಲೆ ಸಭಾಭವನದ ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಅವರವರ ಊರಿನ ನಕ್ಷೆ ಬಿಡಿಸಲು ಹೇಳಿದರು. ರಾಣೆಬೆನ್ನೂರು ಕಡೆಯವರು ಕೃಷ್ಣಮೃಗಗಳ ಹುಲ್ಲುಗಾವಲು ಬಿಡಿಸಿದರು. ಅವರ ಮೃಗಗಳಿಗೆ ನಮ್ಮೂರ ಹೋತದ ಮುಖ ಬಂದಿತ್ತು. ಬ್ಯಾಡಗಿ ಕಡೆಯ ಗಂಡಸರು ರಸ್ತೆ ಎಲ್ಲಿ ತಿರುಗುತ್ತದೆಂದು ಜಗಳಾಡುತ್ತ ಪುಡಿಯನ್ನೆಲ್ಲ ಅಂಗಿಗೆ ಬಳಿದುಕೊಂಡಿದ್ದರು. ನಮ್ಮ ನಕ್ಷೆಯಲ್ಲಿ ಗಂಗವ್ವ ನೀಲಿ ಪುಡಿಯಲ್ಲಿ ಹೊಳೆ ಎಳೆದಳು, ಬಿಳಿಯಲ್ಲಿ ಗುಡಿ, ಹಸಿರಲ್ಲಿ ಕ್ರಾಸಿನ ಬೇವಿನ ಮರ ಇಟ್ಟಳು. ಯಾರೂ ಹೇಳದಿದ್ದರೂ ನಾನು ಗುಡಿಯ ಪಕ್ಕ ಕೆಂಪು ಪುಡಿ ತುಂಬಿದೆ. ಅದು ನಮ್ಮ ಮೆಣಸಿನಕಾಯಿ ಕಣ.

ಆ ಕಣ ಊರಿಗೆಲ್ಲ ಸೇರಿದ್ದು. ಹೊಲದಲ್ಲಿ ಸ್ವಂತ ಕಣ ಇದ್ದವರಿಗೆ ಅದರ ಹಂಗಿಲ್ಲ. ನಮ್ಮಂಥ ತುಂಡು ಹೊಲದವರು, ಬೇರೆಯವರ ಹೊಲದಲ್ಲಿ ಕಾಯಿ ಬಿಡಿಸಿದ್ದಕ್ಕೆ ಕೂಲಿಯಾಗಿ ಕಾಯಿಯನ್ನೇ ತರುವ ಹೆಂಗಸರು, ಎಲ್ಲರೂ ಒಣಗಿಸುವುದು ಅಲ್ಲೇ. ಬ್ಯಾಡಗಿ ಪೇಟೆಯಲ್ಲಿ ಕಾಯಿಯ ಬಣ್ಣ ನೋಡಿ ದರ ಹೇಳುತ್ತಾರೆ. ಹರಳು, ಮಣ್ಣು ಸೇರಿದರೆ ಮುಖ ತಿರುಗಿಸುತ್ತಾರೆ. ಅದಕ್ಕೇ ಕಣವನ್ನು ಬಡಿದು, ಸಾರಿಸಿ, ಗುಡಿಯಂತೆ ಇಡುತ್ತೇವೆ. ಚಪ್ಪಲಿ ಹಾಕಿಕೊಂಡು ಅಲ್ಲಿಗೆ ಯಾರೂ ಕಾಲಿಡುವುದಿಲ್ಲ. ನೀವು ಸಣ್ಣವರಿದ್ದಾಗ ಮರೆತು ಓಡಿ ಬಂದು ಏಟು ತಿಂದದ್ದು ನೆನಪಿರಬೇಕು.

ಅಷ್ಟರಲ್ಲಿ, ನಮ್ಮ ಜೊತೆ ತರಬೇತಿಗೆ ಬಂದಿದ್ದ ಪಂಚಾಯ್ತಿ ಮೆಂಬರ್ ಬಸವರಾಜ ಬೆಂಕಿಪೆಟ್ಟಿಗೆಗಳನ್ನು ತಂದು ಕೆಂಪು ಪುಡಿಯ ಮೇಲೆ ಸಾಲಾಗಿ ಇಟ್ಟ. "ಇವು ಕಾರು. ಈ ಜಾಗ ಸಪಾಟ ಐತ್ರಿ ಮೇಡಂ, ಗುಡಿಗೂ ಹತ್ರ. ಕಾಂಕ್ರೀಟ್ ಹಾಕಿಬಿಟ್ರ ಮುಗೀತು."

"ಚೆನ್ನಾಗಿದೆ, ಇದನ್ನೇ ಇಟ್ಕೊಳ್ಳೋಣ. ಇವತ್ತೇ ಫೋಟೋ ತೆಗೆದು ಮೇಲಿನ ಆಫೀಸಿಗೆ ಕಳಿಸಬೇಕು" ಎಂದರು ಮೇಡಂ.

ನಾನು ಗಂಗವ್ವನ ಕಡೆ ನೋಡಿದೆ. ಓಣಿಯನ್ನೆಲ್ಲ ಬಾಯಲ್ಲಿ ಆಳುವ ಗಂಗವ್ವ, ಮೇಡಂ ಮೆಚ್ಚಿದ್ದಕ್ಕೆ ಎದುರು ಹೇಳಲಾರದೆ ತನ್ನ ಬಳೆ ಎಣಿಸುತ್ತಿದ್ದಳು. ನನ್ನ ನಾಲಿಗೆಯಂತೂ ಅಂಗುಳಕ್ಕೆ ಅಂಟಿತ್ತು. ಆದರೆ ಕಾಲಿಗೆ ನಾಚಿಕೆ ಇರಲಿಲ್ಲ. ಎದ್ದೆ, ನಕ್ಷೆಯ ಅಂಚಿನಲ್ಲಿ ಚಪ್ಪಲಿ ಬಿಟ್ಟೆ, ಬೆಂಕಿಪೆಟ್ಟಿಗೆಗಳನ್ನು ಸರಿಸಿ ಕೆಂಪು ಪುಡಿಯ ನಡುವೆ ಕುಳಿತುಬಿಟ್ಟೆ.

"ಅಜ್ಜಿ, ಏಳಿ, ನಕ್ಷೆ ಅಳಿಸಿಹೋಗುತ್ತೆ!" ಎಂದರು ಮೇಡಂ.

ಬಸವರಾಜ ಬೂಟಿನಲ್ಲೇ ಕೆಂಪು ಪುಡಿಯ ಮೇಲೆ ಬಂದು ನಿಂತ. "ದೊಡ್ಡವ್ವಾ, ಏನ್ ಮಾಡಾಕತ್ತಿ? ಎಲ್ಲಾರೂ ನೋಡಾಕತ್ತಾರ."

"ಕಾಯಿ ಒಣಗಾಕತ್ತಾವು" ಎಂದೆ. "ನಿನ್ನ ಬೂಟು ತಗಿ."

ಅವನು ಕೆಳಗೆ ನೋಡಿಕೊಂಡ. ಅವನ ತಾಯಿ ಅವನನ್ನು ಅದೇ ಕಣದ ಅಂಚಿನ ಜೋಲಿಯಲ್ಲಿ ಮಲಗಿಸಿ ಕಾಯಿ ಆರಿಸಿದವಳು. ಕೆಂಡ ತುಳಿದವನಂತೆ ಕುಣಿದು ಹೊರಗೆ ಹಾರಿದ, ಒಂಟಿಕಾಲಲ್ಲಿ ನಿಂತು ಬೂಟು ಬಿಚ್ಚತೊಡಗಿದ. ಎಲ್ಲರೂ ನಕ್ಕರು. ನಗುತ್ತಲೇ ಬ್ಯಾಡಗಿ ಕಡೆಯ ಹಿರಿಯರೊಬ್ಬರು ತಮ್ಮ ಚಪ್ಪಲಿಯನ್ನೂ ಬದಿಗೆ ಬಿಟ್ಟರು. ಕಣ ನಮ್ಮದು, ಆದರೆ ರೂಢಿ ಅವರದೂ ಅದೇ ಅಲ್ಲವೇ.

ಆಗ ಗಂಗವ್ವನಿಗೆ ಬಾಯಿ ಬಂತು. ಬಂದು ನನ್ನ ಪಕ್ಕ ಕುಳಿತಳು. "ಕಾರು ಕ್ರಾಸಿನ ಬೇವಿನ ಮರದ ಕೆಳಗ ನಿಲ್ಲಲಿ. ಬಂದವರಿಗೆ ಕಾಲು ಅದಾವಲ್ಲ? ನಡಕೋತ ಬರಲಿ."

"ವಯಸ್ಸಾದವ್ರು ಅಷ್ಟು ದೂರ ಹೆಂಗ ನಡೀತಾರ ಚಿಗವ್ವಾ?" ಎಂದ ಬಸವರಾಜ, ಕೈಯಲ್ಲಿ ಬೂಟು ಹಿಡಿದು.

"ನಾ ಗುತ್ತಲದಿಂದ ನಡದು ಬಂದೇನಿ" ಎಂದೆ.

ಮೇಡಂ ನಮ್ಮನ್ನೂ ಸಾಲಾಗಿ ಬಿಟ್ಟಿದ್ದ ಚಪ್ಪಲಿಗಳನ್ನೂ ನೋಡಿದರು. ನಂತರ ತಮ್ಮ ಚಪ್ಪಲಿಯ ಪಟ್ಟಿ ಬಿಚ್ಚಿ, ಬರಿಗಾಲಲ್ಲಿ ಬಂದು, ಬೆಂಕಿಪೆಟ್ಟಿಗೆಗಳನ್ನು ಆರಿಸಿ ಬೇವಿನ ಮರದ ಕೆಳಗೆ ಇಟ್ಟರು. "ಈಗಲಾದರೂ ಏಳಿ ಅಜ್ಜಿ" ಎಂದರು.

ನಿಜ ಹೇಳುತ್ತೇನೆ, ಆಗ ಏಳಬೇಕೆಂದರೂ ಏಳಲಾಗಲಿಲ್ಲ. ಮೊದಲು ಕುಳಿತದ್ದು ಹಟದಿಂದ, ಆಮೇಲೆ ಕುಳಿತೇ ಇದ್ದದ್ದು ಮೊಣಕಾಲು ಹಿಡಿದದ್ದರಿಂದ. ಎರಡರಲ್ಲಿ ಯಾವುದು ಕಣ ಉಳಿಸಿತೋ ತಿಳಿಯದು. ಒಂದು ಕಡೆ ಬಸವರಾಜ, ಇನ್ನೊಂದು ಕಡೆ ಮೇಡಂ ಹಿಡಿದು ಎತ್ತಿದರು. ಹೊಸ ಸೀರೆಯ ಹಿಂದೆಲ್ಲ ಕೆಂಪು. ಸಂಜೆ ಬಸ್ಸಿನಲ್ಲಿ ನಮ್ಮೂರ ಕ್ರಾಸು ಬಂದಾಗ ನನ್ನ ಬಾಯಿ ಮತ್ತೆ ಕಟ್ಟಿತು. "ನಿಲ್ಲಿಸ್ರಿ" ಎಂದು ಕೂಗಿದವಳು ಗಂಗವ್ವ.

ಆ ನಕ್ಷೆ ಈಗ ಮೇಲಕ್ಕೆ ಹೋಗಿದೆ. ಮೇಲಿನವರು ಬೂಟು ಹಾಕಿಕೊಂಡು ನೋಡುತ್ತಾರೋ, ಬಿಟ್ಟು ನೋಡುತ್ತಾರೋ ನನಗೆ ಗೊತ್ತಿಲ್ಲ. ಇನ್ನೊಂದು ನಕ್ಷೆ ಹಿಡಿದು ಯಾರಾದರೂ ಮತ್ತೆ ಬಂದೇ ಬರುತ್ತಾರೆ. ಆಗ ನಾನು ಇಲ್ಲದಿದ್ದರೆ, ನಿಮಗೂ ನನ್ನಂತೆ ಮಾತು ಬಾರದಿದ್ದರೆ, ಹೆದರಬೇಡಿ. ಚಪ್ಪಲಿ ಬಿಡಿ, ಒಳಗೆ ಹೋಗಿ ಕುಳಿತುಕೊಳ್ಳಿ. ಏಳುವಾಗ ಯಾರಾದರೂ ಕೈ ಕೊಡುತ್ತಾರೆ.