ಗೌರವ್ವನ ಹಗೇವಿನ ಮಣ್ಣು

೧೯೭೮ರಲ್ಲಿ ನಾನು ಆ್ಯಂಟಿಬಯಾಟಿಕ್ ತಯಾರಿಸುವ ಕಾರ್ಖಾನೆಯೊಂದರ ಸಂಶೋಧನಾ ವಿಭಾಗದಲ್ಲಿ ಮೈಕ್ರೋಬಯಾಲಜಿಸ್ಟ್ ಆಗಿದ್ದೆ. ಹೊಸ ಔಷಧ ಬೇಕೆಂದರೆ ಆಗ ಮಣ್ಣಿಗೇ ಕೈ ಹಾಕಬೇಕಿತ್ತು. ಅಲ್ಲಿ ಸ್ಟ್ರೆಪ್ಟೊಮೈಸಿಸ್ ಎಂಬ ಬ್ಯಾಕ್ಟೀರಿಯಾ ಇರುತ್ತದೆ; ಬೇರೆ ಸೂಕ್ಷ್ಮಜೀವಿಗಳನ್ನು ಹತ್ತಿರ ಬಿಟ್ಟುಕೊಳ್ಳದಿರಲು ಅದು ಒಸರುವ ವಿಷವೇ ನಮಗೆ ಔಷಧ. ಹಾನಗಲ್ಲಿನ ಗದ್ದೆ, ಹಿರೇಕೆರೂರಿನ ಕೆರೆದಂಡೆ, ಶಿಗ್ಗಾವಿಯ ಗುಡ್ಡ, ಎಲ್ಲ ಕಡೆಯ ಮಣ್ಣನ್ನೂ ಪ್ಲಾಸ್ಟಿಕ್ ಚೀಲಗಳಲ್ಲಿ ತುಂಬಿಕೊಂಡು ಬಸ್ಸಿನಲ್ಲಿ ತಿರುಗಿದೆ. ಕಂಡಕ್ಟರುಗಳು ನನ್ನನ್ನು ಮಾಟದವಳೆಂದೇ ತಿಳಿದಿರಬೇಕು.

ಅಷ್ಟೂ ಚೀಲಗಳಲ್ಲಿ ಉಪಯೋಗಕ್ಕೆ ಬಂದದ್ದು ಒಂದೇ. ಅದು ಸವಣೂರು ತಾಲ್ಲೂಕಿನ ಹತ್ತಿಮತ್ತೂರಿನ ಗೌರವ್ವನ ಹಗೇವಿನ ಮಣ್ಣು. ಹಗೇವು ಎಂದರೆ ಜೋಳ ಕೂಡಿಡಲು ನೆಲದೊಳಗೆ ತೋಡಿದ ಕಣಜ. ಓಣಿಯ ಮೂರ್ನಾಲ್ಕು ಮನೆಯವರು ತಮ್ಮ ಜೋಳವನ್ನೂ ಅದರಲ್ಲೇ ಇಡುತ್ತಿದ್ದರು. ಅದು ಆ ಮನೆಯ ಮರ್ಯಾದೆ. ಗೌರವ್ವನ ಮಗ ಫಕ್ಕೀರಪ್ಪ ಒಳಗಿಳಿದು ಗೋಡೆಯ ಮಣ್ಣು ಕೆರೆದುಕೊಟ್ಟ. ಅದರಿಂದ ಬೆಳೆಸಿದ ಬ್ಯಾಕ್ಟೀರಿಯಾ ತಳಿ, ಮಿಕ್ಕ ಔಷಧಗಳಿಗೆ ಬಗ್ಗದ ರೋಗಾಣುಗಳನ್ನೂ ಲ್ಯಾಬಿನ ಪ್ಲೇಟಿನ ಮೇಲೆ ಕೊಂದುಹಾಕಿತು. ಆ ದಿನ ನಾನು ಲ್ಯಾಬಿನಲ್ಲೇ ಕುಣಿದಿದ್ದೆ.

ಎರಡು ವರ್ಷದ ನಂತರ ಹತ್ತಿಮತ್ತೂರಿಗೆ ಹೋಗಿ, ಗೌರವ್ವನ ಕಟ್ಟೆಯ ಮೇಲೆ ಓಣಿಯವರೆಲ್ಲರ ಎದುರು ಸುದ್ದಿ ಹೇಳಿದೆ. ಈ ಹಗೇವಿನ ಗೋಡೆಯಲ್ಲಿ ಕಣ್ಣಿಗೆ ಕಾಣದ ಒಂದು ಜೀವಿ ಇದೆ, ಅದು ಜೋಳಕ್ಕೂ ಮನುಷ್ಯರಿಗೂ ಏನೂ ಮಾಡುವುದಿಲ್ಲ, ಅದರಿಂದ ಔಷಧ ಬರುತ್ತದೆ ಎಂದೆ. ಎಲ್ಲರೂ ತಲೆಯಾಡಿಸಿದರು. ಗೌರವ್ವ ಮಾತ್ರ ಓಣಿಯವರ ಮುಖಗಳನ್ನೇ ಒಂದೊಂದಾಗಿ ನೋಡುತ್ತಿದ್ದಳು. ಖುಷಿಯಲ್ಲಿದ್ದ ನನಗೆ ಅದೊಂದು ದೊಡ್ಡ ವಿಷಯವೆನಿಸಲಿಲ್ಲ.

ಜೀನನ್ನು ಕತ್ತರಿಸಿ ಜೋಡಿಸುವ ವಿದ್ಯೆ ನಮ್ಮ ಲ್ಯಾಬಿಗೆ ಇನ್ನೂ ಬಂದಿರಲಿಲ್ಲ. ಬ್ಯಾಕ್ಟೀರಿಯಾದ ಮೇಲೆ ಅಲ್ಟ್ರಾವಯಲೆಟ್ ಬೆಳಕು ಬಿಟ್ಟು, ಬಹುಪಾಲು ಸತ್ತ ಮೇಲೆ, ಉಳಿದವುಗಳಲ್ಲಿ ಹೆಚ್ಚು ಔಷಧ ಕೊಡುವುದನ್ನು ಹುಡುಕುತ್ತಿದ್ದೆವು. ಕತ್ತಲಲ್ಲಿ ಕಲ್ಲು ಹೊಡೆದಂಥ ಕೆಲಸ. ಆದರೂ ಇಳುವರಿ ಏರಿತು. ಆಮೇಲೆ, ೧೯೮೩ರಲ್ಲಿ, ಹೇಳದೆ ಕೇಳದೆ ಇಳಿಯತೊಡಗಿತು. ಲ್ಯಾಬಿನ ಪುಷ್ಕಳ ಆಹಾರದಲ್ಲಿ, ಎದುರಾಳಿಯೇ ಇಲ್ಲದೆ, ಪೀಳಿಗೆಯಿಂದ ಪೀಳಿಗೆಗೆ ಬೆಳೆದ ತಳಿ ವಿಷ ಒಸರುವುದನ್ನೇ ಬಿಟ್ಟಿತ್ತು. ಕಾದಿರಿಸಿದ್ದ ಮೂಲ ತಳಿಯನ್ನೂ ಆಗಾಗ ಹೊಸ ಆಹಾರಕ್ಕೆ ಬದಲಿಸುತ್ತಿದ್ದುದರಿಂದ ಅದರದೂ ಅದೇ ಹಣೆಬರಹ. ನನಗೆ ತಲೆ ಚಚ್ಚಿಕೊಳ್ಳುವಂತಾಯಿತು.

“ಮಾರ್ಚ್ ಒಳಗೆ ಮೂಲ ತಳಿ ಸಿಗದಿದ್ದರೆ ಈ ಯೋಜನೆ ಮುಚ್ಚುತ್ತೇನೆ,” ಎಂದರು ನಿರ್ದೇಶಕರು.

ಮಣ್ಣು ಇದ್ದಲ್ಲಿಗೆ ಹೋದರೆ ತಳಿ ಸಿಗುತ್ತದೆ, ಅದರಲ್ಲೇನು ಎಂದುಕೊಂಡು ಹೊರಟೆ. ಸವಣೂರಿನಲ್ಲಿ ಬಸ್ಸು ಬದಲಿಸಿ ಹತ್ತಿಮತ್ತೂರಿನಲ್ಲಿ ಇಳಿದೆ. ಹೊಸ ಜೋಳ ಇನ್ನೂ ಬರದೆ ಖಾಲಿಯಿದ್ದ ಹಗೇವಿನ ಬಾಯಿ ತೆರೆದು, ಕೆಟ್ಟ ಗಾಳಿ ಹೋಗಲೆಂದು ಸಾಕಷ್ಟು ಹೊತ್ತು ಕಾದೆವು. ಫಕ್ಕೀರಪ್ಪನ ಹಿಂದೆ ನಾನೂ ಇಳಿದೆ. ಟಾರ್ಚ್ ಬಿಟ್ಟರೆ ಗೋಡೆಯೆಲ್ಲ ಬೆಳ್ಳಗೆ ಸುಣ್ಣ. ಕೆರೆದು ನೋಡಿದರೆ ಸುಣ್ಣದ ಹಿಂದೆ ಇಟ್ಟಿಗೆಯಂತೆ ಸುಟ್ಟು ಕೆಂಪಾದ ಮಣ್ಣು.

“ಇದಕ್ಕೆ ಬೆಂಕಿ ಹಾಕಿದವರು ಯಾರು?” ಎಂದು ಒಳಗಿನಿಂದಲೇ ಕೂಗಿದೆ.

“ನಾನಽ ಹಾಕಿಸಿದ್ನಿ ರೀ, ಬಾಯಾರ,” ಎಂದಳು ಮೇಲೆ ನಿಂತಿದ್ದ ಗೌರವ್ವ. “ನೀವು ಬಂದು ಹೋದ ವರ್ಷಾನ ಹಾಕಿಸಿದ್ನಿ. ಕಟಗಿ, ಕುಳ್ಳು ತುಂಬಿ, ಓಣಿ ಮಂದಿನೆಲ್ಲಾ ಕರದು, ಎಲ್ಲಾರ ಕಣ್ಣ ಮುಂದ.”

ಮೇಲೆ ಹತ್ತಿ ಬಂದು, ಅದು ಕೆಡುಕಿನ ಜೀವಿಯಲ್ಲ, ಔಷಧದ ಜೀವಿ ಎಂದು ಬಿಡಿಸಿ ಹೇಳಿರಲಿಲ್ಲವೇ ಎಂದು ಸಿಟ್ಟಿನಿಂದಲೇ ಕೇಳಿದೆ.

“ಹೇಳಿದ್ರಿ, ನನಗೂ ತಿಳೀತು. ನಿಮ್ಮ ಜಂತು ಔಷಧಾ ಕೊಡತೈತಿ, ಖರೇ. ಆದ್ರ ಜಂತು ಇದ್ದ ಹಗೇವಿನ್ಯಾಗ ಜ್ವಾಳಾ ಯಾರು ಇಡತಾರ್ರಿ? ನೀವು ಹ್ವಾದ ಮರುದಿನಾನ ಒಬ್ಬೊಬ್ರ ಬಂದು ತಮ್ಮ ತಮ್ಮ ಜ್ವಾಳಾ ತೆಗೆಸ್ಕೊಂಡು ಹ್ವಾದ್ರು. ನನ್ನ ಮಗಳ್ನ ನೋಡಾಕ ಬರಾವ್ರು ಮೊದ್ಲ ಹಗೇವ ಕೇಳತಾರ. ನಾ ಏನ್ ಮಾಡ್ಲಿ?”

ಫಕ್ಕೀರಪ್ಪ ಪಾಪ, ಹಾರೆ ಹಿಡಿದು ಸುಟ್ಟ ಪದರದ ಆಚೆಗೂ ಅಗೆದು ಚೀಲ ತುಂಬಿಕೊಟ್ಟ. ಅಕ್ಕಪಕ್ಕದ ಹಗೇವುಗಳಿಗೆ ಇಳಿಯಲು ಕೇಳಿದರೆ ಒಬ್ಬರೂ ಅವುಗಳ ಬಾಯಿ ತೆಗೆಯಗೊಡಲಿಲ್ಲ. ಲ್ಯಾಬಿನಲ್ಲಿ ಆ ಮಣ್ಣಿನಿಂದ ಏನೇನೋ ಬೆಳೆಯಿತು, ಬೇಕಾದದ್ದೊಂದು ಬಿಟ್ಟು. ಮಾರ್ಚ್ ಬಂತು, ಯೋಜನೆ ಮುಚ್ಚಿತು. ನನ್ನನ್ನು ಗುಣಮಟ್ಟ ಪರೀಕ್ಷೆಯ ವಿಭಾಗಕ್ಕೆ ದಬ್ಬಿದರು. ಆ ತಳಿಯ ಔಷಧ ಒಬ್ಬ ರೋಗಿಯನ್ನೂ ಮುಟ್ಟಲಿಲ್ಲ.

ಆ ದಿನ ಹತ್ತಿಮತ್ತೂರಿನಿಂದ ಹೊರಡುವಾಗ ಗೌರವ್ವ ಒತ್ತಾಯಿಸಿ ಊಟಕ್ಕೆ ಕೂರಿಸಿದ್ದಳು. ಓಣಿಯವರು ಮತ್ತೆ ತನ್ನ ಹಗೇವಿನಲ್ಲೇ ಜೋಳ ಇಡುತ್ತಿದ್ದಾರೆಂದೂ, ಮಗಳ ಮದುವೆಯಾಯಿತೆಂದೂ ರೊಟ್ಟಿ ಬಡಿಸುತ್ತ ಹೇಳಿದಳು. ಸಂತೋಷಪಡಬೇಕಿತ್ತು. ನಿಜ ಹೇಳಬೇಕೆಂದರೆ ಹೊಟ್ಟೆ ಉರಿಯಿತು. ಆ ಕಟ್ಟೆಯ ಮೇಲೆ ನಾನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ ಎಂದು ಇಂದಿಗೂ ವಾದಿಸಬಲ್ಲೆ. ಆದರೆ ವೃತ್ತಿ ನನಗೆ ಕಲಿಸಿದ್ದು ಬೇರೆ. ನಾವು ಮಣ್ಣಿನ ಚೀಲ ಕಟ್ಟಿಕೊಂಡು ಬಸ್ಸು ಹತ್ತುತ್ತೇವೆ. ನಾವು ಆಡಿದ ಮಾತಿನ ಜೊತೆ ಅದೇ ಓಣಿಯಲ್ಲಿ ಬಾಳಬೇಕಾದವರು ಅವರು.