ಅತ್ತಿಗೆಯ ಗೋಧಿ, ಅಣ್ಣನ ಯೂರಿಯಾ

ನಮ್ಮಣ್ಣ ಅತ್ತಿದ್ದನ್ನು ನಾನು ನೋಡಿದ್ದು ಒಂದೇ ಸಲ. ಸಾವಿನ ಮನೆಯಲ್ಲಲ್ಲ. ಹೋದ ವರ್ಷ, ಧನಗೆರೆಯ ನಮ್ಮ ಹೊಲದ ಬದುವಿನ ಮೇಲೆ. ಕಾರಣ? ಯೂರಿಯಾ.

ನಗಬೇಡಿ. ಪೂರ್ತಿ ಕೇಳಿ.

ನಮ್ಮ ಅತ್ತಿಗೆ ಗದಗದ ಕಡೆಯವರು. ಮದುವೆಯಾಗಿ ಕೊಳ್ಳೇಗಾಲದ ಸೀಮೆಗೆ ಬಂದು ಇಪ್ಪತ್ತು ವರ್ಷ. ಮುದ್ದೆ ಕಟ್ಟುವುದು ಕಲಿತರು. ಉಪ್ಸಾರು ಕಲಿತರು. (ಈಗ ನಮ್ಮಮ್ಮನಿಗಿಂತ ಚೆನ್ನಾಗಿ ಮಾಡುತ್ತಾರೆ. ಅಮ್ಮನಿಗೆ ಹೇಳಬೇಡಿ.) ಮಾತು ಮಾತ್ರ ಅಲ್ಲಿಯದೇ ಉಳಿಯಿತು. ಆಸೆಯೂ. ಜವೆಗೋಧಿಗೆ ಬೆಲ್ಲ ಹಾಕಿ ಮಾಡುವ ಹುಗ್ಗಿ ಅಂದರೆ ಸಾಕು, ಅವರ ಕಣ್ಣು ಎಲ್ಲೋ ಹೋಗಿಬಿಡುತ್ತಿತ್ತು. ನಮ್ಮ ಕಡೆ ಗೋಧಿ ಯಾರು ಬೆಳೀತಾರೆ? ನಮಗೆ ಗೋಧಿ ಅಂದರೆ ಪ್ಯಾಕೆಟ್ ಹಿಟ್ಟು.

ಎರಡು ವರ್ಷದ ಹಿಂದೆ ಅತ್ತಿಗೆಯ ತಾಯಿ ತೀರಿಕೊಂಡರು. ತವರಿನ ಹೊಲ ಅದಕ್ಕೂ ಮೊದಲೇ ಬೇರೆಯವರ ಪಾಲಾಗಿತ್ತು. ಅತ್ತಿಗೆ ಸೀರೆ, ಒಡವೆ ಎಲ್ಲ ಅಕ್ಕಂದಿರಿಗೆ ಬಿಟ್ಟು, ತಾಯಿ ಎತ್ತಿಟ್ಟಿದ್ದ ಬೀಜದ ಗೋಧಿಯ ಡಬ್ಬ ಹಿಡಿದುಕೊಂಡು ಬಸ್ಸಿಳಿದರು.

"ನಮ್ಮವ್ವಂದು ಇದೊಂದ ಉಳದದ ನೋಡ್ರಿ. ಬಿತ್ತೋಣೇನ್ರಿ?"

ಅಣ್ಣ ಬೋರ್‌ವೆಲ್ ಪಕ್ಕ ನಾಲ್ಕು ಗುಂಟೆ ಹಸನು ಮಾಡಿಕೊಟ್ಟ. ಚಳಿ ಶುರುವಾಗುವ ಹೊತ್ತಿಗೆ ಬಿತ್ತನೆ. ಪೈರು ಎದ್ದಿತು. ಅಣ್ಣ ಯೂರಿಯಾ ಚೀಲ ಹೊತ್ತು ಹೊರಟ.

"ಅಷ್ಟ್ ಬ್ಯಾಡ್ರಿ. ಅವ್ವ ತಿಪ್ಪಿಗೊಬ್ಬರದಾಗ ಬೆಳೀತಿದ್ಳು."

"ಸುಮ್ಕಿರಮ್ಮಿ! ನಿಮ್ಮೂರಲ್ ಬೆಳೀತಿದ್ದುದ್ಕೆ ಡಬಲ್ ಬೆಳ್ದು ತೋರುಸ್ತೀನಿ."

ಭತ್ತಕ್ಕೆ ಎರಚಿ ರೂಢಿಯಾದ ಕೈ. ಎರಚಿದ. ಹದಿನೈದು ದಿನ ಬಿಟ್ಟು ಮತ್ತೆ ಎರಚಿದ.

ಬೆಳೆ ನೋಡಬೇಕಿತ್ತು! ಕಪ್ಪು ಅನ್ನುವಷ್ಟು ಹಸಿರು. ಎದೆಯೆತ್ತರ. ಅತ್ತಿಗೆ ದಿನಾ ಸಂಜೆ ಹೋಗಿ ಅದರ ಮುಂದೆ ನಿಲ್ಲುತ್ತಿದ್ದರು. ಏನ್ ಮಾಡ್ತಿದ್ದೀರಿ ಅಂತ ಒಮ್ಮೆ ಕೇಳಿದೆ.

"ಸಪ್ಪಳ ಕೇಳಾಕತ್ತೀನಿ. ನಮ್ಮ ಹೊಲದಾಗೂ ಗಾಳಿ ಬಂದ್ರ ಹಿಂಗ ಸಪ್ಪಳ ಆಗ್ತಿತ್ತು."

ತೆನೆ ತುಂಬುವ ಹೊತ್ತಿಗೆ ಒಂದು ಮಧ್ಯಾಹ್ನ ಜೋರು ಗಾಳಿ. ಅಷ್ಟೇ. ಪೈರು ಚಾಪೆ ಹಾಸಿದ ಹಾಗೆ ಮಲಗಿಬಿಟ್ಟಿತು. ಮತ್ತೆ ಏಳಲಿಲ್ಲ. ಅಣ್ಣ ಬದುವಿನ ಮೇಲೆ ಕೂತು ಟವೆಲಿನಲ್ಲಿ ಮುಖ ಮುಚ್ಚಿಕೊಂಡ.

"ಅವ್ಳ ಅವ್ವನ್ ಬೀಜ ಕಣ್ಲಾ. ನಾನೇ ಆಳ್ ಮಾಡ್ಬುಟ್ಟೆ."

ಅತ್ತಿಗೆ ಬೈಯಲಿಲ್ಲ. ಬಿದ್ದ ಪೈರನ್ನು ದಾಟಿಕೊಂಡು ಪಂಪ್ ಶೆಡ್ಡಿನ ಹಿಂದಕ್ಕೆ ಹೋದರು. ಅಣ್ಣನ ಕೈ ತಲುಪದ ಆ ಮೂಲೆಯಲ್ಲಿ ಒಂದೆರಡು ಮಾರು ಗೋಧಿ ಕುಳ್ಳಗೆ, ಪೇಲವವಾಗಿ ಇತ್ತು. ಆದರೆ ನಿಂತಿತ್ತು. ಬಿದ್ದದ್ದೆಲ್ಲ ಜೊಳ್ಳಾಯಿತು. ಈ ಮೂಲೆಯ ತೆನೆಗಳನ್ನು ಅತ್ತಿಗೆ ಒಂದೊಂದಾಗಿ ಕಿತ್ತು ಬೀಜಕ್ಕೆ ಎತ್ತಿಟ್ಟರು.

ಗೊಬ್ಬರವೇ ವಿಷ ಅಂತ ಅಣ್ಣ ತೀರ್ಮಾನಿಸಿದ. (ನಮ್ಮದು ಯಾವಾಗಲೂ ಆ ತುದಿ, ಇಲ್ಲ ಈ ತುದಿ.) ಯಳಂದೂರಿನಲ್ಲಿ ಪರಿಚಯದ ಕೃಷಿ ಅಧಿಕಾರಿಯೊಬ್ಬರನ್ನು ಹೋಗಿ ಕಂಡೆವು. ಆಕೆ ನಕ್ಕರು.

"ವಿಷ ಅಲ್ಲ ಕಣ್ರಿ, ಅಳತೆ ತಪ್ಪಿದ್ದು. ಯೂರಿಯಾ ಜಾಸ್ತಿಯಾದ್ರೆ ಎಲೆ ಬೆಳೆಯುತ್ತೆ, ಕಡ್ಡಿ ಮೆತ್ತಗಾಗುತ್ತೆ, ಗಾಳಿ ತಡೆಯಲ್ಲ. ಏನೂ ಹಾಕದಿದ್ರೂ ಇಳುವರಿ ಬರಲ್ಲ. ಮೊದ್ಲು ಮಣ್ಣು ಟೆಸ್ಟ್ ಮಾಡ್ಸಿ."

ಮಾಡಿಸಿದೆವು. ಈ ಸಲ ಕೊಟ್ಟಿಗೆ ಗೊಬ್ಬರ, ಬಿತ್ತುವಾಗ ಸ್ವಲ್ಪ ಡಿಎಪಿ, ಮೂರು ವಾರಕ್ಕೆ ನೀರು ಕೊಟ್ಟು ಆಕೆ ಹೇಳಿದಷ್ಟೇ ಯೂರಿಯಾ. ಅಳೆದು ಹಾಕಿದ್ದು ಅತ್ತಿಗೆ. ಅಣ್ಣ ಚೀಲವನ್ನೇ ಮುಟ್ಟಲಿಲ್ಲ.

ಮೊನ್ನೆ ಕೊಯ್ಲಾಯಿತು. ಸೇರಿನಷ್ಟು ಬೀಜಕ್ಕೆ ಅರ್ಧ ಚೀಲ ಗಟ್ಟಿ ಕಾಳು!

ಭಾನುವಾರ ಹುಗ್ಗಿ. ಅತ್ತಿಗೆ ಎಲ್ಲರಿಗೂ ಬಡಿಸಿ, ಕೊನೆಗೆ ತಾವೊಂದು ತುತ್ತು ಬಾಯಿಗಿಟ್ಟರು. ನಿಧಾನವಾಗಿ ಅಗಿದರು.

"ಸರ್ಯಾಗ್ ಬಂದದಾ ಅಮ್ಮಿ?" ಅಣ್ಣ ಹೆದರುತ್ತಲೇ ಕೇಳಿದ.

"ಇಷ್ಟ್ ದಪ್ಪ ಕಾಳು ಅವ್ವನೂ ಬೆಳದಿದ್ದಿಲ್ಲ," ಅಂದರು. ಆಮೇಲೆ ಮೆಲ್ಲಗೆ, "ಆಕಿಗೊಂದ್ ತುತ್ತು ಉಣ್ಣಿಸಬೇಕಿತ್ರಿ."



ಮಣ್ಣಿಗೆ ಏನು ಬೇಕೆಂದು ಯಳಂದೂರಿನ ತನಕ ಹೋಗಿ ಕೇಳಿಕೊಂಡು ಬಂದವರು ನಾವು. ಈ ಇಪ್ಪತ್ತು ವರ್ಷದಲ್ಲಿ ಅತ್ತಿಗೆಗೆ ಏನು ಬೇಕೆಂದು ಒಬ್ಬರಾದರೂ ಕೇಳಿದ್ದೆವಾ?