ನನ್ನನ್ನು ಕಾಪಾಡಲು ಬಂದ ಛತ್ರಿ

ನಮ್ಮ ಅಡುಗೆಮನೆಯ ಬಾಗಿಲಲ್ಲಿ ಪಕ್ಕದ ಮನೆಯ ಜರ್ಮನ್ ಹೆಣ್ಣುಮಗಳು ಮಡಚಿದ ಛತ್ರಿಯನ್ನು ಲಾಠಿಯಂತೆ ಎತ್ತಿ ನಿಂತಿದ್ದರು. "ಅವನನ್ನು ಬಿಡಿ!" ಎಂದು ಇಂಗ್ಲಿಷಿನಲ್ಲಿ ಕೂಗಿದ್ದು ನನ್ನ ಅವ್ವನಿಗೆ.

ಸೇಡಂ ಹತ್ತಿರದ ಸಿಮೆಂಟ್ ಕಾರ್ಖಾನೆಯಲ್ಲಿ ಯಂತ್ರ ಜೋಡಿಸಲು ಬಂದಿದ್ದ ಎಂಜಿನಿಯರ್ ಆಕೆ. ನಮ್ಮ ಓಣಿಗೆ ಹೊಸಬರು. ಅವ್ವ ಜೋಳದ ರೊಟ್ಟಿ ಬಡಿಯುತ್ತಿದ್ದಳು, ನಾನು ಉಳ್ಳಾಗಡ್ಡಿ ಹೆಚ್ಚುತ್ತ ಕಣ್ಣೀರು ಸುರಿಸುತ್ತಿದ್ದೆ. ಗೋಡೆಯಾಚೆ ಆಕೆಗೆ ಕೇಳಿಸಿದ್ದು ಯಾರನ್ನೋ ಪಟಪಟ ಹೊಡೆಯುವ ಸದ್ದು. ಓಡಿ ಬಂದಾಗ ಕಂಡದ್ದು ನನ್ನ ಕೆಂಪು ಕಣ್ಣು.

"ತಮ್ಮಾ, ಈಕಿ ಯಾಕ ನನಗ ಹೊಡಿಲಿಕ್ಕ ಬಂದಾಳ?" ಎಂದಳು ಅವ್ವ. ನನಗೆ ಮಾತೇ ಹೊರಡದಷ್ಟು ನಗು. ಅದನ್ನೂ ಅಳುವೆಂದೇ ತಿಳಿದ ಆಕೆ ನನ್ನನ್ನು ಬೆನ್ನ ಹಿಂದಕ್ಕೆ ಎಳೆದುಕೊಂಡರು. ಕೊನೆಗೆ ನಾನು ಹಿಟ್ಟಿನ ಉಂಡೆ ತೆಗೆದು ಬಡಿದು ತೋರಿಸಿದೆ. ಛತ್ರಿ ನಿಧಾನಕ್ಕೆ ಕೆಳಗಿಳಿಯಿತು.

ವಿಷಯ ತಿಳಿದು ಅವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯ ನಮ್ಮವ್ವಾ! ಮೀಸಿ ಬಂದ ಮಗಗ ಯಾರರ ಹೊಡಿತಾರೇನ? ಕುಂದ್ರ, ಬಿಸಿ ರೊಟ್ಟಿ ತಿನ್ನು."

ಪರದೇಶದಲ್ಲಿ ಗಲಾಟೆ ಕೇಳಿಸಿದರೆ ಬಾಗಿಲು ಹಾಕಿಕೊಂಡು ಫೋನ್ ಮಾಡಬೇಕೆಂದು ಆಕೆಗೆ ಕಂಪನಿಯವರು ಹೇಳಿ ಕಳಿಸಿದ್ದರಂತೆ. "ಅಷ್ಟರಲ್ಲಿ ನಿನಗೇನಾದರೂ ಆದರೆ ಅನ್ನಿಸಿತು," ಎಂದರು, ತುತ್ತು ಮುರಿಯುತ್ತ.

ಈಗ ಅವ್ವ ಒಲೆ ಹಚ್ಚುವ ಮೊದಲು ಗೋಡೆಗೆ ತಟ್ಟುತ್ತಾಳೆ. ಆಚೆಯಿಂದಲೂ ತಟ್ಟುವ ಸದ್ದು ಬರುತ್ತದೆ. ಹಿಂದೆಯೇ ಆಕೆಯೂ ಬರುತ್ತಾರೆ, ಛತ್ರಿ ಬಿಟ್ಟು ತಟ್ಟೆ ಹಿಡಿದು.